ಭದ್ರೆಯ ಬಂಡೆ ಮೇಲೆ ಅಣ್ಣ ನಿಂತ ಫೋಟೊ

ಅಣ್ಣನ ಮುಖದ ತುಂಬ ಸಿಡುಬಿನ ಗುಳಿ. ನಾನು ಹುಟ್ಟುವ ಮೊದಲೇ ಬಂದು ಹೋದ ಕಾಯಿಲೆ. ಮೊದಲ ಮಳೆ ಹನಿ ಬಿದ್ದ ಧೂಳಿನ ಹಾಗಿತ್ತು ಅವನ ಕೆನ್ನೆ. ನಮ್ಮೂರು ಜಾವಳಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ಅಮ್ಮ ಒಬ್ಬಳೇ. ಉಳಿದವರಿಗೆಲ್ಲ ಅವನು 'ಜರಡಿ'. ಕೋಪ ಬಂದಾಗ ನಾನೂ ಹಾಗೆ ಕರೆದಿದ್ದೇನೆ.

ಅಪ್ಪ ಬೇಗ ಸತ್ತ. ಇದ್ದ ಮೂರು ಎಕರೆ ಕಾಫಿ ನೋಡಿಕೊಂಡವನು ಅಣ್ಣ. ನನಗೆ ಓದು ಹತ್ತಲಿಲ್ಲ, ಏಳನೇ ಕ್ಲಾಸಿಗೆ ಬಿಟ್ಟೆ. ಅದಕ್ಕೂ ಅವನು ಬೈಯಲಿಲ್ಲ. ಒಂದು ವರ್ಷದ ಮೆಣಸು ಮಾರಿ ನನಗೊಂದು ಹಳೆ ಜೀಪು ಕೊಡಿಸಿದ. ಮೂಡಿಗೆರೆ ಸ್ಟ್ಯಾಂಡಿನಿಂದ ಎಸ್ಟೇಟುಗಳಿಗೆ ಬಾಡಿಗೆ ಹೊಡೆಯುತ್ತಿದ್ದೆ.

ಅವನಿಗೆ ಮೂವತ್ತೆರಡಾಗಿತ್ತು, ನನಗೆ ಇಪ್ಪತ್ತನಾಲ್ಕು. ಅಣ್ಣನಿಗೆ ಆಗದೆ ತಮ್ಮನಿಗೆ ಹೆಣ್ಣು ನೋಡುವುದು ನಮ್ಮ ಕಡೆ ಇಲ್ಲ. ಮೊದಲು ಹುಡುಗಿ ಮನೆಗೆ ಹುಡುಗನ ಫೋಟೊ ಹೋಗಬೇಕು. ಅವರು ಒಪ್ಪಿದರೆ ಹುಡುಗಿ ನೋಡಲು ಕರೆಯುತ್ತಾರೆ. ಜಾತಕ, ಮಾತುಕತೆ ಎಲ್ಲ ಆಮೇಲೆ. ಅಣ್ಣನ ಫೋಟೊ ಮೂರು ಮನೆಗೆ ಹೋಗಿ ಮೂರೂ ಸಲ ವಾಪಸ್ ಬಂತು. ಮೂರನೇ ಸಲ ಕವರ್ ಕೂಡ ಹಾಕಿರಲಿಲ್ಲ. ಅಣ್ಣ ಅದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ, ಕತ್ತಿ ಹಿಡಿದು ತೋಟಕ್ಕೆ ಹೋದ.

ನನಗೆ ಅಯ್ಯೋ ಅನ್ನಿಸಲಿಲ್ಲ. ಸಿಟ್ಟು ಬಂತು. ಅವನು ರಸ್ತೆಗೆ ಅಡ್ಡ ಬಿದ್ದ ಮರ. ಅದು ಪಕ್ಕಕ್ಕೆ ಹೋಗದೆ ನನ್ನ ಜೀಪು ಮುಂದೆ ಹೋಗುವ ಹಾಗಿಲ್ಲ.

ಆಗ ನನಗೆ ಒಬ್ಬ ಸಾಹುಕಾರರ ಬಾಡಿಗೆ ಸಿಗುತ್ತಿತ್ತು. ದೊಡ್ಡ ಎಸ್ಟೇಟು, ವಿಪರೀತ ಫೋಟೊ ಹುಚ್ಚು. ಮಳೆ ಕಡಿಮೆಯಾದ ಮೇಲೆ ಕಳಸದ ಆಚೆ ನ್ಯಾಷನಲ್ ಪಾರ್ಕಿನ ಕಾಡಿಗೆ ಹೋಗಿ ಭದ್ರಾ ಹೊಳೆಯ ಫೋಟೊ ತೆಗೆಯುತ್ತಿದ್ದರು. ಅವರ ಕಾರು ಆ ದಾರಿಯಲ್ಲಿ ಹೋಗುತ್ತಿರಲಿಲ್ಲ, ಅದಕ್ಕೆ ನನ್ನ ಜೀಪು. ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಕೂರಿಸಿ, ಮುಂದೊಂದು ಕಪ್ಪು ಗಾಜು ಹಾಕಿ, ಉದ್ದ ವೈರಿನ ಗುಂಡಿ ಒತ್ತಿ ಹಿಡಿಯುತ್ತಿದ್ದರು. ಎಣಿಸುವುದು ನನ್ನ ಕೆಲಸ. ನಾನು ಹದಿನೈದು ಅಂದಾಗ ಬಿಡುತ್ತಿದ್ದರು.

"ಒಂದ್ ಫೋಟೊಕ್ಕೆ ಇಷ್ಟ್ ಹೊತ್ತು ಎಂತಕ್ಕೆ ಸಾರ್?" ಎಂದು ಒಮ್ಮೆ ಕೇಳಿದೆ.

"ಸುಮ್ನಿರೋದು ಇದ್ದಂಗೆ ಬರತ್ತೆ ಕಣೋ. ಅಲ್ಲಾಡೋದೆಲ್ಲ ನುಣ್ಣಗಾಗತ್ತೆ" ಎಂದರು.

ಮುಂದಿನ ಸಲ ಪ್ರಿಂಟು ತೋರಿಸಿದರು. ಪಕ್ಕದಲ್ಲಿ ನಿಂತವನ ಮಾತು ಕೇಳದ ಹಾಗೆ ಅಬ್ಬರಿಸುವ ಹೊಳೆ ಅದರಲ್ಲಿ ಹಾಲಿನ ಕೆನೆ ಹಾಗೆ ಮಲಗಿತ್ತು. ಒಂದು ಗುಳಿ ಇಲ್ಲ, ಒಂದು ಗೀರಿಲ್ಲ. ನನಗೆ ತಕ್ಷಣ ಅಣ್ಣನ ಕೆನ್ನೆ ನೆನಪಾಯಿತು. ನೀರಿನ ಗುಳಿ ತೆಗೆಯುವ ಕ್ಯಾಮೆರಾಕ್ಕೆ ಮುಖದ ಗುಳಿ ಯಾವ ಲೆಕ್ಕ?

ಸಾಹುಕಾರರಿಗೂ ಬರೀ ನೀರು ತೆಗೆದು ಬೇಜಾರಾಗಿತ್ತು. "ಹೊಳೆ ಮಧ್ಯ ಬಂಡೆ ಮೇಲೆ ಕಂಬದಂಗೆ ನಿಲ್ಲೋನು ಒಬ್ಬ ಬೇಕು. ನೀನ್ ನಿಲ್ತೀಯಾ?"

"ನಾನು ಎಣಿಸ್ಬೇಕಲ್ಲ ಸಾರ್. ನಮ್ಮಣ್ಣ ನಿಲ್ತಾನೆ. ಒಂದು ದೊಡ್ಡ ಪ್ರಿಂಟ್ ಕೊಟ್ರೆ ಸಾಕು."

"ಯಾರು, ಆ ಜರಡಿನಾ?" ಎಂದು ನಕ್ಕರು. "ಇರ್ಲಿ, ಕರ್ಕೊಂಡ್ ಬಾ. ಅಷ್ಟು ದೂರದಿಂದ ಯಾವ ಮುಖ ಆದ್ರೇನು."

ಮನೆಗೆ ಬಂದು ಅಣ್ಣನಿಗೆ ಹೇಳಿದೆ. "ಮೈ ಅಲ್ಲಾಡಿಸ್ಬೇಡ. ಮುಖ ಮಾತ್ರ ಸಣ್ಣಗೆ ಆಡಿಸ್ತಾ ಇರು. ಸಾಹುಕಾರ್ರಿಗೆ ಗೊತ್ತಾಗ್ಬಾರ್ದು."

"ಎಂತಕ್ಕೆ ಮಾರಾಯ?"

"ಗುಳಿಯೆಲ್ಲ ಹೋಗ್ತದೆ. ನೀರಿಂದು ಹೋಗಲ್ವಾ, ಹಂಗೆ."

ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. "ಹೋಗ್ತದಾ?" ಎಂದು ಕೇಳಿದ. ಊಟಕ್ಕೆ ಕೂತಾಗ ಇನ್ನೊಂದು ಸಲ ಕೇಳಿದ, "ಪೂರ್ತಿ ಹೋಗ್ತದೇನೋ?"

ಮೋಡ ಕವಿದ ಬೆಳಿಗ್ಗೆ ಹೋದೆವು. ಅಣ್ಣ ತನ್ನ ಮದುವೆಗೆ ಎಂದು ಎತ್ತಿಟ್ಟುಕೊಂಡಿದ್ದ ಬಿಳಿ ಪಂಚೆ, ಬಿಳಿ ಅಂಗಿ ಹಾಕಿದ್ದ. ಜೀಪು ನಿಲ್ಲಿಸಿ ಹೊಳೆಗೆ ಇಳಿಯುವ ದಾರಿ ತುಂಬ ರಕ್ತ ಹೀರುವ ಇಂಬಳ. ನಾನು, ಸಾಹುಕಾರರು ಬೂಟಿಗೆ ಹೊಗೆಸೊಪ್ಪಿನ ನೀರು ಬಳಿದುಕೊಂಡಿದ್ದೆವು. ಅಣ್ಣ ಬರಿಗಾಲಲ್ಲಿದ್ದ. ಸೊಂಟದ ಮಟ್ಟದ ನೀರಲ್ಲಿ ಪಂಚೆ ಎತ್ತಿ ಕಟ್ಟಿ, ಕಲ್ಲು ಹಿಡಿದು ಹಿಡಿದು ಬಂಡೆ ಹತ್ತಿದ. ಹತ್ತಿ ಪಂಚೆ ಇಳಿಬಿಟ್ಟು ನಿಂತ.

ಮೊದಲನೆಯದು ಸರಿಯಾಗಲಿಲ್ಲ, ಅಣ್ಣ ಕಾಲೆತ್ತಿದ. ಎರಡನೆಯದಕ್ಕೂ ಎತ್ತಿದ.

"ಕುಣೀತೀಯೇನೋ ಅಲ್ಲಿ?" ಸಾಹುಕಾರರು ಹೊಳೆ ಸದ್ದಿನ ಮೇಲೆ ಕಿರುಚಿದರು.

"ಇಂಬಳ ಹಿಡ್ದಿದೆ ಸಾರ್!"

"ಕುಡೀಲಿ ಬಿಡೋ! ಒಂದ್ ಇಂಬಳ ಎಷ್ಟ್ ಕುಡಿಯತ್ತೆ? ಕಾಲ್ ಮುಟ್ಟಿದ್ರೆ ನೋಡು!"

ಅಣ್ಣ ನನ್ನ ಕಡೆ ನೋಡಿದ. ನಾನು ಕೈ ಎತ್ತಿ, ನಿಂತ್ಕೋ ಎಂದು ಸನ್ನೆ ಮಾಡಿದೆ. ನಿಂತ. ಬಿಳಿ ಪಂಚೆಯ ಅಂಚಿನ ಕೆಳಗೆ ಪಾದದ ಮೇಲೆ ರಕ್ತ ಇಳಿಯುವುದು ಈ ದಡಕ್ಕೂ ಕಾಣುತ್ತಿತ್ತು. ಸಾಹುಕಾರರು ಗುಂಡಿ ಒತ್ತಿದರು. ನಾನು ಎಣಿಸತೊಡಗಿದೆ. ಬೇಕಂತಲೇ ನಿಧಾನ ಎಣಿಸಿದೆ. ಹೆಚ್ಚು ಹೊತ್ತು ಹಿಡಿದರೆ ಹೆಚ್ಚು ನುಣ್ಣಗಾಗುತ್ತದೆ ಅನ್ನುವುದು ನನ್ನ ಲೆಕ್ಕ. ಆ ಹದಿನೈದು ಇಪ್ಪತ್ತೈದಾದರೂ ಆಗಿರಬೇಕು. ಅಣ್ಣ ಮುಖವನ್ನು ಉಸಿರಾಡುವಷ್ಟು ಸಣ್ಣಗೆ ಆ ಕಡೆ ಈ ಕಡೆ ಆಡಿಸುತ್ತಿದ್ದ. ಕಾಲು ಅಲ್ಲಾಡಿಸಲಿಲ್ಲ. ಹಾಗೆ ಇನ್ನೂ ನಾಲ್ಕು ತೆಗೆದರು.

ಪ್ರಿಂಟು ಬಂದ ದಿನ ಸಾಹುಕಾರರು ನನ್ನನ್ನು ಬಂಗಲೆಗೆ ಕರೆಸಿ ಬೈದರು. "ಕಂಬದಂಗೆ ನಿಲ್ಲು ಅಂದ್ರೆ ತಲೆ ಕುಣಿಸಿದಾನಲ್ಲೋ! ಎಲ್ಲದ್ರಲ್ಲೂ ಹಿಂಗೇ. ತಗೊಂಡ್ ಹೋಗು ಇದ್ನ, ನನ್ ಕಣ್ಮುಂದೆ ಬೇಡ."

ಅವರಿಗೆ ಅದು ಹಾಳಾದ ಫೋಟೊ. ನನಗೆ ಅಷ್ಟು ಚಂದದ ಫೋಟೊ ಹುಟ್ಟಿದ ಮೇಲೆ ನೋಡಿದ ನೆನಪಿಲ್ಲ. ಸುತ್ತ ಹಾಲಿನಂಥ ಹೊಳೆ, ಹಿಂದೆ ಕಪ್ಪು ಕಾಡು. ಅಂಗಿಯ ಗುಂಡಿ ಎಣಿಸಬಹುದು, ಪಾದದ ಮೇಲಿನ ರಕ್ತದ ಗೆರೆ ಕೂಡ ಕಾಣುತ್ತದೆ. ಮುಖ ಮಾತ್ರ ನುಣ್ಣಗೆ. ಕಣ್ಣು, ಮೂಗು ಅಂದಾಜಿಗೆ ಸಿಗುತ್ತವೆ, ಗುಳಿ ಒಂದೂ ಇಲ್ಲ. ಅಣ್ಣ ಅದನ್ನು ಕಿಟಕಿ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದ. "ಸಿಡುಬು ಬರ್ದಿದ್ರೆ ಹಿಂಗಿರ್ತಿದ್ದೆ" ಎಂದ. ಅಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಸಂಬಂಧ ನೋಡುತ್ತಿದ್ದ ಮುದುಕನ ಕೈಲಿ ಅದನ್ನೇ ಗೋಣಿಬೀಡಿನ ಒಂದು ಮನೆಗೆ ಕಳಿಸಿದೆವು. ವಾಪಸ್ ಬರಲಿಲ್ಲ. ಎಂಟು ದಿನದಲ್ಲಿ ಹೇಳಿಕಳಿಸಿದರು, ಹುಡುಗಿ ನೋಡಲು ಬನ್ನಿ ಎಂದು.

ಅಮ್ಮ ಶಕುನಕ್ಕೆ ಹೆದರಿ ಮನೆಯಲ್ಲೇ ಉಳಿದಳು. ನಾನು, ಅಣ್ಣ, ಮುದುಕ ಮೂವರೇ ಹೋದೆವು. ದಾರಿಯಲ್ಲಿ ಅಣ್ಣ ಜೀಪಿನ ಕನ್ನಡಿ ತನ್ನ ಕಡೆ ತಿರುಗಿಸಿಕೊಂಡ, ಮತ್ತೆ ನನ್ನ ಕಡೆ ತಿರುಗಿಸಿದ. "ಎದುರಿಗೆ ನೋಡಿದ್ರೆ ಗೊತ್ತಾಗ್ತದಲ್ಲ ಮಾರಾಯ" ಎಂದ.

"ಮನೆವರೆಗೆ ಕರೆದ್ ಮೇಲೆ ಮುಖ ನೋಡಿ ಯಾರು ವಾಪಸ್ ಕಳಿಸ್ತಾರೆ?" ಎಂದೆ. ನಿಜವಾಗಲೂ ಹಾಗೆ ಅಂದುಕೊಂಡಿದ್ದೆ.

ಜಗಲಿಯಲ್ಲಿ ಚಾಪೆ ಹಾಕಿ ಕೂರಿಸಿದರು. ಹುಡುಗಿಯ ಅಜ್ಜಿ ಆ ಫೋಟೊ ಹಿಡಿದೇ ಹೊರಗೆ ಬಂದಳು. ಅವರ ಮನೆಯಲ್ಲಿ ಮೊದಲ ತಟ್ಟೆ ಹುಡುಗನಿಗೆ ಹಿರಿಯರೇ ಕೊಡಬೇಕಂತೆ. ಇನ್ನೊಂದು ಕೈಯಲ್ಲಿ ಕೇಸರಿಬಾತಿನ ತಟ್ಟೆ. ಅಣ್ಣನನ್ನು ನೋಡಿದಳು, ಫೋಟೊ ನೋಡಿದಳು, ನನ್ನನ್ನು ನೋಡಿದಳು. ಅವಳ ಮುಖ ಅರಳಿತು. ಅಣ್ಣನನ್ನು ದಾಟಿ ಬಂದು ತಟ್ಟೆಯನ್ನು ನನ್ನ ಮುಂದೆ ಹಿಡಿದಳು.

"ತಗಳಪ್ಪ. ಫೋಟೊದಲ್ಲಿ ಇದ್ದಂಗೇ ಇದೀಯ."

ನಮ್ಮಿಬ್ಬರ ಮೂಗು ಒಂದೇ, ಹಣೆ ಒಂದೇ. ಗುಳಿ ತೆಗೆದರೆ ಅಣ್ಣ ನಾನೇ. ಅದು ನನಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ.

ಮುದುಕ ಬಾಯಿ ತೆರೆದ. ಅವನಿಗಿಂತ ಮೊದಲು ಹುಡುಗಿಯ ಅಪ್ಪ ಅಣ್ಣನ ಕಡೆ ತಿರುಗಿ, "ಇವ್ರು?" ಎಂದ. ಒಳಗಡೆ ಬಾಗಿಲ ಸಂದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಅಣ್ಣ ನನ್ನ ಕಡೆ ನೋಡಿದ. ಬಂಡೆ ಮೇಲಿಂದ ನೋಡಿದ್ದನಲ್ಲ, ಹಾಗೇ. ಈ ಸಲ ನಾನು ಯಾವ ಸನ್ನೆಯನ್ನೂ ಮಾಡಲಿಲ್ಲ. ತಟ್ಟೆ ನನ್ನ ಕೈಯಲ್ಲಿತ್ತು.

"ನಾನು ಅಣ್ಣ" ಎಂದ. "ಹುಡುಗ ಇವ್ನೇ."

"ನಿಮ್ದು ಮದ್ವೆ..."

"ನಂಗೆ ಬೇಡ ಅಂತ ಆವತ್ತೇ ಹೇಳ್ಬಿಟ್ಟಿದೀನಿ. ಇವ್ನದು ಆದ್ರೆ ಸಾಕು."

ನಾನು ಅಲ್ಲ ಅನ್ನಬಹುದಿತ್ತು. ಎರಡು ಅಕ್ಷರ. ಆಗ ಹುಡುಗಿ ಕಾಫಿ ತಂದಳು, ಚಂದ ಇದ್ದಳು. ನಾನು ಕೇಸರಿಬಾತು ತಿಂದೆ.

ಮನೆಗೆ ಬಂದಾಗ ಅಮ್ಮ ಅಂಗಳದಲ್ಲೇ ನಿಂತಿದ್ದಳು. "ಏನಂದ್ರು?"

"ಒಪ್ಪಿದ್ರು" ಎಂದ ಅಣ್ಣ.

ಅಮ್ಮ ಅವನ ಎರಡೂ ಕೆನ್ನೆ ಸವರಿ ನೆಟಿಕೆ ತೆಗೆದಳು. ಅವಳ ಕೈ ಅಲ್ಲಿರುವಾಗಲೇ ಅವನು ಹೇಳಿದ, "ನನ್ನಲ್ಲಮ್ಮ. ಇವನ್ನ."

ಮದುವೆಯಾದ ತಿಂಗಳಲ್ಲೇ ಹೆಂಡತಿಗೆ ಗೊತ್ತಾಯಿತು. ಫೋಟೊದಲ್ಲಿರುವ ಪಾದದ ಹೆಬ್ಬೆರಳು ಹೊರಗೆ ತಿರುಗಿದೆ, ನನ್ನದು ಹಾಗಿಲ್ಲ. "ಮೊದ್ಲೇ ಗೊತ್ತಿದ್ರೂ ನಿಮ್ಮನ್ನೇ ಒಪ್ತಿದ್ದೆ ಬಿಡಿ. ಅವ್ರ ಮುಖ ದಿನಾ ನೋಡಕ್ಕಾಗ್ತದಾ?" ಎಂದಳು. ಅಣ್ಣ ಪಕ್ಕದ ಕೋಣೆಯಲ್ಲಿ ಮೆಣಸು ಆರಿಸುತ್ತಿದ್ದ. ಆರಿಸುವ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಫೋಟೊಕ್ಕೆ ಕಟ್ಟು ಹಾಕಿಸಿ ಹಾಲ್‌ನಲ್ಲಿ ಹಾಕಿದ್ದೇವೆ. ಬಂದವರಿಗೆಲ್ಲ ಅದು ನಾನು. ಅಣ್ಣನೂ ಹಾಗೇ ಹೇಳುತ್ತಾನೆ. ಈಗ ನನ್ನ ಮಗಳಿಗೆ ನಾಲ್ಕು ವರ್ಷ. ಅವಳಿಗೆ ಅಣ್ಣನ ಹೆಗಲೇ ಆಗಬೇಕು, ಅವನ ಗುಳಿಯಲ್ಲಿ ಬೆರಳಿಟ್ಟು ಎಣಿಸುತ್ತಾಳೆ, ಹತ್ತರ ಆಚೆ ಅವಳಿಗೆ ಬರುವುದಿಲ್ಲ. ಮೊನ್ನೆ ಮಧ್ಯಾಹ್ನ ನಾನು ಊಟಕ್ಕೆ ಕೂತಿದ್ದೆ. ಅವಳು ಹೆಗಲ ಮೇಲಿಂದ ಫೋಟೊ ತೋರಿಸಿದಳು.

"ದೊಡ್ಡಪ್ಪ, ಅಪ್ಪನ ಕಾಲಲ್ಲಿ ರಕ್ತ ಎಂತಕ್ಕೆ?"

"ಇಂಬಳ ಕಚ್ಚಿತ್ತು ಪುಟ್ಟಿ."

"ಅಪ್ಪಂಗೆ ನೋವಾಯ್ತಾ? ಅತ್ನಾ?"

"ಇಲ್ಲ" ಎಂದ ಅಣ್ಣ. "ನಿಮ್ಮಪ್ಪ ಅಲ್ಲಾಡ್ಲೇ ಇಲ್ಲ."

ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ.