ಕಗ್ಗದ ಗಂಜಿ ಬಿಡಿಸಲು ಬಂದವಳು

ಹಾಲಿನ ಪುಡಿ ಬಿಸಿನೀರಿಗೆ ಬಿದ್ದ ಕೂಡಲೇ ಕರಗುವುದಿಲ್ಲ. ಹೊರಗೆ ಒದ್ದೆ, ಒಳಗೆ ಒಣಪುಡಿ, ಹೀಗೆ ಗಂಟುಗಳು ತೇಲುತ್ತವೆ. ಅವನ್ನು ಚಮಚದ ಬೆನ್ನಿನಿಂದ ಪಾತ್ರೆಯ ಬದಿಗೆ ಒತ್ತಿ ಒಡೆಯಬೇಕು. ಕುಮಟೆಯ ಬಳಿ ಅಘನಾಶಿನಿ ಹೊಳೆಯ ನಡುವಿರುವ ನಮ್ಮ ಕುರ್ವೆಯಲ್ಲಿ, ಶಾಲೆಯ ಜಗಲಿಯ ಮೇಲೆ, ಹೆಂಗಸರೆದುರು ಕೂತು ನಾನು ಅದನ್ನೇ ಮಾಡುತ್ತಿದ್ದೆ.

ಧಾರವಾಡದಲ್ಲಿ ಪದವಿ ಮುಗಿಸಿ ಬಂದ ವರ್ಷ ಅದು. ಹಳ್ಳಿಯ ಹೆಂಗಸರಿಗೆ ಪೌಷ್ಟಿಕ ಅಡುಗೆ ಕಲಿಸುವ ಸರಕಾರಿ ಕೆಲಸ ಸಿಕ್ಕಿತ್ತು. ಇನ್ನೂ ಕಾಯಂ ಆಗಿರಲಿಲ್ಲ. ಕೆಲಸ ಹೋದರೆ ಮನೆಯಲ್ಲಿ ಮದುವೆಯ ಮಾತು ಮತ್ತೆ ಏಳುತ್ತಿತ್ತು. ನನಗದು ಬೇಡವಾಗಿತ್ತು. ಕಾರಣ ಯಾರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಆ ದಿನ ನನ್ನ ಪಾಠ ನೋಡಲು ಮೇಲಧಿಕಾರಿ ಬಂದಿದ್ದರು. ಬಯಲುಸೀಮೆಯವರು. ಹೆಂಗಸರ ನಡುವೆ ಕೂತಿದ್ದ ನನ್ನ ಸೋದರತ್ತೆ ಲೋಟ ಎತ್ತಿ ಮೂಸಿ, ಶಾಲೆಯ ಟೀಚರನ್ನು ಕರೆಯುವ ಹಾಗೆ ನನ್ನನ್ನು ಕರೆದಳು.

“ಅಕ್ಕೋರೇ, ಎಂತ ಇದು? ಗೋಡಿಗೆ ಬಳಿಯೂದಾ, ಕುಡಿಯೂದಾ?”

ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ಹಾಲಿನ ಪುಡಿಯ ಮೇಲೆ ನನಗೆ ಸಿಟ್ಟಿರಲಿಲ್ಲ. ಸಿಟ್ಟು ಬಂದದ್ದು ಸಾಹೇಬರ ಮಾತಿಗೆ.

“ಬಾಯಾರ, ಈ ಕೆಂಪಕ್ಕಿ ಗಂಜಿ, ಚಿಪ್ಪಿನ ಹುಳಾ ತಿನ್ನೋದು ಬಿಡ್ರಿ ಅಂತ ಮೊದಲ ಇವರಿಗೆ ಹೇಳ್ರಿ.”

ಕೆಂಪಕ್ಕಿ ಎಂದರೆ ಕಗ್ಗ. ಸಮುದ್ರದ ಉಬ್ಬರಕ್ಕೆ ಹೊಳೆಯ ಉಪ್ಪುನೀರು ನುಗ್ಗುವ ನಮ್ಮ ಗಜನಿ ಗದ್ದೆಗಳಲ್ಲಿ ಬೇರೆ ಭತ್ತ ನಿಲ್ಲುವುದಿಲ್ಲ, ಕಗ್ಗ ನಿಲ್ಲುತ್ತದೆ. ಚಿಪ್ಪಿನ ಹುಳ ಎಂದರೆ ಬೆಳಚು. ನೀರು ಇಳಿದಾಗ ಹೊಳೆಯ ಮರಳಲ್ಲಿ ಕಾಲಬೆರಳಿನಿಂದ ತಡಕಿ ತೆಗೆದು, ಬೇಯಿಸಿ, ತೆಂಗಿನಕಾಯಿ, ಒಣಮೆಣಸು ಅರೆದು ಹಾಕಿ, ಹುಳಿಗೆ ಮುರುಗಲ ಸಿಪ್ಪೆ ಬಿಟ್ಟ ಸಾರು. ಇವನ್ನು ಉಂಡೇ ನಾನು ಧಾರವಾಡಕ್ಕೆ ಹೋದದ್ದು. ಅಲ್ಲಿ ಓದಿದ ಪುಸ್ತಕದಲ್ಲಿಯೂ ಪಾಲಿಶ್ ಮಾಡದ ಅಕ್ಕಿ, ಚಿಪ್ಪಿನ ಮಾಂಸ ಎರಡೂ ಒಳ್ಳೆಯ ಆಹಾರವೆಂದೇ ಇತ್ತು.

“ಹೇಳುವುದಿಲ್ಲ,” ಎಂದೆ.

“ಯಾಕ?”

“ಅದು ಸುಳ್ಳು.”

ಸಾಹೇಬರು ದನಿ ಏರಿಸಲಿಲ್ಲ. “ನಾಳೆ ಮತ್ತ ಬರ್ತೀನಿ. ನಾ ಹೇಳಿದ ಪಾಠ ಮಾಡಿ ತೋರಸ್ರಿ. ಇಲ್ಲಾಂದ್ರ ಈ ಕೆಲಸ ನಿಮಗ ಒಗ್ಗೋದಿಲ್ಲಂತ ಬರದು ಕಳಸ್ತೀನಿ.”

ಅವರ ದೋಣಿ ದೂರವಾದ ಮೇಲೆ ಅತ್ತೆ ಹತ್ತಿರ ಬಂದು ಕೂತಳು.

“ತಂಗೀ, ನಮ್ಮ ಗಂಜಿ ಸಲುವಾಗಿ ನೀ ಕೆಲ್ಸ ಕಳ್ಕಬೇಡ. ನೀ ಬಿಡಿ ಅನ್ನು, ನಾವು ಹೂಂ ಅಂತೇವು. ನಾವು ಮನೇಲಿ ಉಂಬೂದು ಅವ್ರಿಗೆ ಆಚೆ ದಡದಿಂದ ಕಾಣ್ತದಾ?”

ಎಲ್ಲರೂ ನಕ್ಕರು. ನಿಜವಾಗಿ ಅತ್ತೆ ಹೇಳಿದಂತೆ ಮಾಡಿದರೆ ಎಲ್ಲರಿಗೂ ಅನುಕೂಲವಿತ್ತು.

“ಮಕ್ಕಳು ಕೇಳ್ತಾ ಇರ್ತವೆ, ಅತ್ತೆ,” ಎಂದೆ. “ಅವು ನಿಜ ಅಂದ್ಕಳ್ತವೆ.”

ಅತ್ತೆ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. “ಆತು,” ಎಂದಳು. “ನಾಳೆ ಬೆಳಿಗ್ಗೇನೇ ನೀರು ಇಳೀತದೆ.”

ಮರುದಿನ ಬೆಳಿಗ್ಗೆ ನಾನೂ ಅವಳೊಂದಿಗೆ ಬೆಳಚು ತೆಗೆಯಲು ಹೊಳೆಗಿಳಿದೆ. ಧಾರವಾಡದಲ್ಲಿ ಅಂಗಾಲು ಮೆತ್ತಗಾಗಿತ್ತು. ಒಂದು ಚಿಪ್ಪು ಕೊಯ್ದಿತು. ಸಾಹೇಬರ ದೋಣಿ ಬರುವಾಗ ಜಗಲಿಯ ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ನನ್ನ ಸೀರೆ ಇನ್ನೂ ಒದ್ದೆಯಿತ್ತು. ಅವರಿಗೆ ಕುರ್ಚಿ ಹಾಕಿಸಿದೆ. ಮಕ್ಕಳನ್ನು ಮುಂದಿನ ಸಾಲಿಗೆ ಕರೆದು ಕಗ್ಗದ ಗಂಜಿ, ಬೆಳಚಿನ ಸಾರು ಬಡಿಸಿ, ಅವುಗಳಲ್ಲಿ ಏನೇನು ಸತ್ವವಿದೆಯೆಂದು ಎಲ್ಲರಿಗೂ ಕೇಳುವಂತೆ ಒಂದೊಂದಾಗಿ ಹೇಳುತ್ತ ಹೋದೆ.