ಲೂರ್ದುಮೇರಿ ಮಿಸ್ ಮತ್ತು ಬೀಗವಿಲ್ಲದ ಬಾಲಯೇಸು

ಮರ್ಫಿ ಟೌನಿನ ಒಂದು ಸಣ್ಣ ಕ್ರೈಸ್ತ ಶಾಲೆಯಲ್ಲಿ ಮೂರನೇ ತರಗತಿ ಎಂಬ ಸಾಮ್ರಾಜ್ಯವಿದೆ. ಅದರ ಚಕ್ರವರ್ತಿನಿ ಲೂರ್ದುಮೇರಿ ಮಿಸ್. ಎತ್ತರದಲ್ಲಿ ಅವರು ಕರಿಹಲಗೆಯ ಅರ್ಧಕ್ಕೆ ಬರುತ್ತಾರೆ, ದನಿಯಲ್ಲಿ ಹಲಸೂರು ಕೆರೆಯ ಆಚೆ ದಡ ಮುಟ್ಟುತ್ತಾರೆ. ಅಪ್ಪ ದಂಡಿನ ಬ್ಯಾಂಡ್ ಸೆಟ್ಟಿನಲ್ಲಿ ಟ್ರಂಪೆಟ್ ಊದುತ್ತಿದ್ದವರು. ಮದುವೆಗೂ ಸಾವಿಗೂ ಒಂದೇ ಕೆಂಪು ಕೋಟು ತೊಟ್ಟು ಹೋಗುತ್ತಿದ್ದರು. ಕೋಟು ಅವರ ಜೊತೆಗೇ ಮಣ್ಣು ಸೇರಿತು, ಉಸಿರು ಮಗಳಿಗೆ ಪಿತ್ರಾರ್ಜಿತವಾಗಿ ಬಂತು. ಮಿಸ್ ಪಾಠ ಮಾಡುವುದು ಕನ್ನಡದಲ್ಲಿ, ಬೈಯುವುದು ತಮಿಳಿನಲ್ಲಿ, ಶಿವಾಜಿನಗರದಲ್ಲಿ ಚೌಕಾಸಿ ಮಾಡುವುದು ದಖನಿಯಲ್ಲಿ. ಪ್ರಾರ್ಥನೆ ಮಾತ್ರ ಮೂರರಲ್ಲೂ ನಡೆಯುತ್ತದೆ. ಮೇಲೆ ಆ ಹೊತ್ತಿಗೆ ಯಾವ ಕೌಂಟರು ತೆರೆದಿರುತ್ತದೋ ಯಾರು ಬಲ್ಲರು?

ಅವರ ಸಾಮ್ರಾಜ್ಯದಲ್ಲಿ ಪ್ರಜೆಗಳೇ ಇಲ್ಲ, ಎಲ್ಲರೂ ಮಂತ್ರಿಗಳು. ಕಿಟಕಿ ಮಂತ್ರಿ, ನೀರಿನ ಮಂತ್ರಿ, ಫ್ಯಾನ್ ಮಂತ್ರಿ. ಬಿದ್ದ ಹಲ್ಲುಗಳನ್ನು ಕಾಗದದಲ್ಲಿ ಸುತ್ತಿ ಒಡೆಯರಿಗೆ ತಲುಪಿಸಲು ಅಲಿಯಾ ಎಂಬ ಮಂತ್ರಿಣಿಯಿದ್ದಾಳೆ, ಏಕೆಂದರೆ ಆ ವಯಸ್ಸಿನಲ್ಲಿ ಹಲ್ಲು ಹುಣಸೆಹಣ್ಣಿನಂತೆ ಉದುರುತ್ತದೆ. ಈ ರಾಜ್ಯದಲ್ಲಿ ಬೀಗವಿಲ್ಲ. ಬೀಗ ಹಾಕಿದರೆ ಜವಾಬ್ದಾರಿಯೆಲ್ಲ ಬೀಗದ್ದೇ ಆಗುತ್ತದೆ, ಮಕ್ಕಳು ಆರಾಮಾಗಿ ಕೈಬೀಸಿಕೊಂಡು ಓಡಾಡುತ್ತವೆ ಎಂಬುದು ಮಿಸ್ ವಾದ.

ಈ ವಾದದ ಪರಾಕಾಷ್ಠೆ ಡಿಸೆಂಬರಿನಲ್ಲಿ. ಕ್ರಿಸ್ಮಸ್ಸಿಗೆ ಶಾಲೆಯ ಅಂಗಳದಲ್ಲಿ ಗೋದಲಿ ಕಟ್ಟುತ್ತಾರೆ: ಹುಲ್ಲಿನ ಚಪ್ಪರ, ಮರಿಯಮ್ಮ, ಜೋಸೆಫ, ದನ, ಕುರಿ. ನಡುವಿನ ತೊಟ್ಟಿಲು ಖಾಲಿ. ರಜೆಗೆ ಮುಂಚಿನ ಕೊನೆಯ ದಿನ ಬಾಲಯೇಸುವನ್ನು ಅದರಲ್ಲಿ ಮಲಗಿಸುತ್ತಾರೆ. ಅಲ್ಲಿಯವರೆಗೆ ಆ ಹಳೆಯ ಪ್ಲಾಸ್ಟರ್ ಶಿಶು ಎಲ್ಲಿರುತ್ತದೆ? ಬೇರೆ ಶಾಲೆಗಳಲ್ಲಿ ಬೀರುವಿನಲ್ಲಿ. ಇಲ್ಲಿ ಮೂರನೇ ತರಗತಿಯವರ ಮನೆಗಳಲ್ಲಿ. ದಿನಕ್ಕೊಂದು ಮಗು ಅದನ್ನು ಟವೆಲಿನಲ್ಲಿ ಸುತ್ತಿ ಮನೆಗೆ ಒಯ್ಯಬೇಕು, ಬೆಳಿಗ್ಗೆ ತಂದು ಒಪ್ಪಿಸಬೇಕು, ಪ್ರಾರ್ಥನೆಯಲ್ಲಿ ಎದ್ದು ನಿಂತು ಅದನ್ನು ಹೇಗೆ ನೋಡಿಕೊಂಡೆ ಎಂದು ಎಲ್ಲರಿಗೂ ಹೇಳಬೇಕು. ಅಲಿಯಾಳ ಮನೆಯಲ್ಲಿ ಅದು ಬಿರಿಯಾನಿಯ ಘಮ ಕುಡಿಯಿತು. ಕೇದಾರ್ ಅದನ್ನು ಹೊರಮಾವಿನ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಮೇಲೆ ಕೆಳಗೆ ತಿರುಗಿಸಿ ತಂದ.

"ಮಿಸ್, ನಾವು ಕ್ರಿಶ್ಚಿಯನ್ ಅಲ್ವಲ್ಲ, ನಮ್ಮನೆಗೂ ಬರ್ತಾನಾ?" ಎಂದು ಪ್ರತಿವರ್ಷ ಯಾರಾದರೂ ಕೇಳುತ್ತಿದ್ದರು.

"ನೀನು ಅವನನ್ನ ನಂಬ್ತೀಯೋ ಇಲ್ವೋ ಅದು ನಿಮ್ಮಿಬ್ಬರ ವಿಷಯ ಕಣೋ. ಅವನು ನಿನ್ನ ನಂಬಿ ಬರ್ತಾನೆ. ಬೀಳಿಸ್ಬೇಡ, ಅಷ್ಟೇ."

ಇಂಥ ನೆಮ್ಮದಿಯ ರಾಜ್ಯಕ್ಕೆ ಒಂದು ಜೂನ್‌ನಲ್ಲಿ ಸಿಸ್ಟರ್ ಬೆನಿಟಾ ಮುಖ್ಯೋಪಾಧ್ಯಾಯಿನಿಯಾಗಿ ದಂಡೆತ್ತಿ ಬಂದರು. ಮಂಗಳೂರು ಕಡೆಯವರು, ಶಿಸ್ತಿನ ಮೂರ್ತಿ, ಸೊಂಟದಲ್ಲಿ ಬೀಗದ ಕೈ ಗೊಂಚಲು. ಬಾಲಯೇಸು ಬಿಎಂಟಿಸಿ ಬಸ್ಸಿನಲ್ಲಿ ಓಡಾಡುವ ಸಂಗತಿ ಕಿವಿಗೆ ಬಿದ್ದಾಗ ಅವರು ಕುರ್ಚಿ ಹಿಡಿದುಕೊಂಡು ಕುಳಿತರಂತೆ.

"ಇದು ಶಾಲೆಯ ಆಸ್ತಿ, ಮಿಸ್. ಈ ವರ್ಷ ಬಿಟ್ಟಿದ್ದೇನೆ. ಒಂದು ಗೀರು ಬಿದ್ದರೂ ಗಾಜಿನ ಪೆಟ್ಟಿಗೆ, ಅದಕ್ಕೊಂದು ಬೀಗ. ನಿಮ್ಮ ಮಂತ್ರಿಮಂಡಲವೂ ವಿಸರ್ಜನೆ."

"ಬೀಳಲ್ಲ ಸಿಸ್ಟರ್," ಎಂದರು ಲೂರ್ದುಮೇರಿ ಮಿಸ್. ನಿವೃತ್ತಿ ಹತ್ತಿರದಲ್ಲಿತ್ತು. ಬದುಕಿಡೀ ಕಟ್ಟಿದ್ದು ಇದೊಂದೇ, ಅದೂ ಈಗ ಎಂಟು ವರ್ಷದ ಪುಟಾಣಿಗಳ ಬೆರಳ ತುದಿಯಲ್ಲಿ.

ಕೊನೆಯ ಸರದಿ ಯಮುನಾಳದು. ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಿಂದ ಬರುವ ಹುಡುಗಿ. ಮನೆಯಲ್ಲಿ ಬುದ್ಧನ ಪಟ, ಮೆಟ್ರೋ ಡಿಪೋದಲ್ಲಿ ಪಾಳಿ ಮಾಡುವ ಅಪ್ಪ, ಗಾರೆ ಕೆಲಸದ ಅಮ್ಮ, ಮತ್ತು ಪಿಳ್ಳಮ್ಮ ಎಂಬ ಅಜ್ಜಿ. ಯಮುನಾ ಫ್ಯಾನ್ ಮಂತ್ರಿ. ಗೈರುಹಾಜರಿ ಎಂದರೇನೆಂದು ಅವಳಿಗೆ ಗೊತ್ತಿರಲಿಲ್ಲ.

ಕೊನೆಯ ದಿನದ ಬೆಳಿಗ್ಗೆ ಫ್ಯಾನ್ ತಿರುಗಲಿಲ್ಲ.

"ಮಿಸ್, ಯಮುನಾ ಬಂದಿಲ್ಲ," ಎಂದ ಕೇದಾರ್. "ಎತ್ಕೊಂಡ್ ಓಡೋಗಿರ್ತಾಳೆ ಮಿಸ್."

"ಬಾಯ್ಮುಚ್ಚು, ನೀರಿನ ಮಂತ್ರಿ."

ಅವಳ ಅಪ್ಪನ ಫೋನು ಸ್ವಿಚ್ ಆಫ್. ಹೊರಗೆ ಅಂಗಳದಲ್ಲಿ ಕುರ್ಚಿಗಳು ಬಂದವು, ಮೈಕು ಬಂತು, ಮುಖ್ಯ ಅತಿಥಿಯಾದ ಫಾದರ್‌ಗೆ ಶಾಲು ಬಂತು. ಗೋದಲಿಯ ಮುಂದೆ ಸಿಸ್ಟರ್ ಬೆನಿಟಾ ಮಂಡಿಯೂರಿದ್ದರು. ಭಕ್ತಿಯಿಂದ ಎಂದುಕೊಂಡು ಹತ್ತಿರ ಹೋದರೆ ಕೈಯಲ್ಲಿ ಅಳತೆ ಟೇಪು! ಗಾಜಿನ ಪೆಟ್ಟಿಗೆಯ ಉದ್ದಗಲ ತೆಗೆಯುತ್ತಿದ್ದರು.

"ಮಗು ಎಲ್ಲಿ, ಮಿಸ್?"

"ಬರ್ತಾ ಇದೆ ಸಿಸ್ಟರ್."

"ಫಾದರ್ ಇನ್ನೊಂದು ಪೀರಿಯಡ್ಡಿನಲ್ಲಿ ಇಲ್ಲಿರುತ್ತಾರೆ. ಆಗಲೂ ಬರ್ತಾ ಇದ್ದರೆ ಆರ್ಡರ್ ಕೊಟ್ಟುಬಿಡುತ್ತೇನೆ."

ಚಕ್ರವರ್ತಿನಿ ಕೊಡೆಯನ್ನು ಕತ್ತಿಯಂತೆ ಹಿಡಿದು ಗೇಟಿನಿಂದ ಹೊರಬಿದ್ದರು. ರಥ ಸಿದ್ಧವಾಗಿತ್ತು: ಕಲಬುರಗಿ ಕಡೆಯ ಸಾಯಬಣ್ಣನ ಆಟೋ. ಶಾಲೆ ಮಕ್ಕಳನ್ನು ತಂದುಬಿಟ್ಟು, ಸೀಟಿನ ಮೇಲೆ ಕಾಲು ಚಾಚಿ ಅವನು ಇಡ್ಲಿ ತಿನ್ನುತ್ತಿದ್ದ.

"ಬೈಯಪ್ಪನಹಳ್ಳಿ. ಓಡ್ಸು!"

"ಇಡ್ಲಿ ಮುಗಸ್ತೀನ್ರಿ ಟೀಚರ್..."

"ಓಡ್ಸ್ತಾ ತಿನ್ನು!"

ಹಳೇ ಮದರಾಸು ರಸ್ತೆಯಲ್ಲಿ ಅಂದು ನಡೆದದ್ದು ಮಹಾಯುದ್ಧ. ಲಾರಿಯ ಬಲಕ್ಕೆ ನುಗ್ಗಿ, ಬಸ್ಸಿನ ಎಡಕ್ಕೆ ನುಸುಳಿ, ಇಂದಿರಾನಗರದ ಸಿಗ್ನಲಿನಲ್ಲಿ ಸಾಯಬಣ್ಣ ಒಂದು ಕೈಯಲ್ಲಿ ಚಟ್ನಿ ಕಾದುಕೊಂಡ. ಹಿಂದೆ ಮಿಸ್ ಜಪಮಾಲೆಯ ಮಣಿ ತಿರುಗಿಸುತ್ತಿದ್ದರು, ಮೂರೂ ಭಾಷೆಯಲ್ಲಿ, ಒಂದರ ಮೇಲೊಂದು ಬಿದ್ದಂತೆ. ಹುಡುಗಿಗೆ ಏನಾದರೂ ಆಗಿದೆಯೇ? ಶಿಶು ಬಿದ್ದು ಒಡೆದಿದೆಯೇ? ಎರಡನೆಯದಕ್ಕಿಂತ ಮೊದಲನೆಯದನ್ನು ಮೊದಲು ಯೋಚಿಸಿದೆನಲ್ಲ ಎಂದು ಅವರಿಗೆ ಕ್ಷಣಕಾಲ ಸಮಾಧಾನವಾಯಿತು. ಆಮೇಲೆ ಎರಡನೆಯದನ್ನೇ ಬಿಡದೆ ಯೋಚಿಸಿದರು.

ಮನೆಯ ಬಾಗಿಲು ತೆರೆದಿತ್ತು. ಒಳಗೆ ಸಾಂಬ್ರಾಣಿ ಹೊಗೆ. ತೊಲೆಗೆ ಹಳೆಯ ಸೀರೆಯ ಜೋಲಿ ಕಟ್ಟಿ, ಅದನ್ನು ಯಮುನಾ ತೂಗುತ್ತಿದ್ದಳು. ಯೂನಿಫಾರಂ ತೊಟ್ಟಿದ್ದಾಳೆ, ಬ್ಯಾಗು ಬೆನ್ನ ಮೇಲಿದೆ, ಕಣ್ಣು ಮಾತ್ರ ಅತ್ತು ಊದಿಕೊಂಡಿದೆ.

"ಇನ್ನೂ ಒಣಗಿಲ್ಲ ಮಿಸ್," ಎಂದಳು.

ಮಿಸ್ ಜೋಲಿಯೊಳಗೆ ಇಣುಕಿದರು. ಬಾಲಯೇಸುವಿನ ಗುಲಾಬಿ ಕೆನ್ನೆಗಳು ಹೋಗಿದ್ದವು. ನೀಲಿ ಕಣ್ಣುಗಳು ಹೋಗಿದ್ದವು. ಆಶೀರ್ವಾದಕ್ಕೆ ಎತ್ತಿದ್ದ ಬಲಗೈಯ ಬೆರಳುಗಳು ನೆನೆದ ಸಕ್ಕರೆ ಅಚ್ಚಿನಂತೆ ಕರಗಿ ಮೊಂಡಾಗಿದ್ದವು. ಮೂಗು ಇತ್ತೋ ಇಲ್ಲವೋ ಎಂಬುದು ನೋಡುವವರ ಭಕ್ತಿಗೆ ಬಿಟ್ಟದ್ದು. ಸಪಾಟಾದ ಬಿಳಿ ಮುಖದ ಮೇಲೆ ಸ್ಪಷ್ಟವಾಗಿ ಉಳಿದದ್ದು ಒಂದೇ: ಕೆನ್ನೆಗಿಟ್ಟ ಕಾಡಿಗೆಯ ದೃಷ್ಟಿಬೊಟ್ಟು.

"ಅಯ್ಯೋ ಆಂಡವರೇ! ಯಾರು ಮಾಡಿದ್ದು ಇದು?"

"ನಾನೇ," ಎಂದು ಒಲೆಯ ಪಕ್ಕದಿಂದ ಪಿಳ್ಳಮ್ಮ ಎದ್ದರು. "ಮಗೂನ ಚೆನ್ನಾಗ್ ನೋಡ್ಕೋಬೇಕು ಅಂತ ಮಿಸ್ ಹೇಳವ್ರೆ ಅಂದ್ಳು. ನೋಡ್ತೀನಿ, ಮೈಮೇಲೆ ತುಂಡ್ ಬಟ್ಟೆ. ಕೂಸಂದ್ರೆ ಮೊದ್ಲು ನೀರ್ ಹಾಕ್ಬೇಕಲ್ವ್ರಾ? ಹರಳೆಣ್ಣೆ ತಿಕ್ಕಿ, ಸೀಗೆಕಾಯಿ ಹಾಕಿ, ಹಂಡೆ ನೀರು ಹುಯ್ದೆ. ಇಷ್ಟು ಮಕ್ಳಿಗೆ ಹುಯ್ದಿದೀನಿ, ಯಾವ್ದೂ ಹಿಂಗೆ ಕರಗ್ಲಿಲ್ಲ ಬುಡವ್ವ!"

"ಪ್ಲಾಸ್ಟರ್ ಅಜ್ಜೀ ಅದು!"

"ನಂಗೇನ್ ಗೊತ್ತು? ನೀವು ದೇವ್ರು ಅಂದ್ರಿ."

ಮಿಸ್ ಯಮುನಾಳ ಬೆನ್ನು ಸವರಿದರು, ಶಿಶುವನ್ನು ಒಣ ಟವೆಲಿನಲ್ಲಿ ಸುತ್ತಿ ಅವಳ ಕೈಗೇ ಕೊಟ್ಟರು. ಮೂವರೂ ಆಟೋ ಹತ್ತಿದರು. ತಾನು ಬರಬೇಕೋ ಬೇಡವೋ ಎಂದು ಪಿಳ್ಳಮ್ಮ ಯಾರನ್ನೂ ಕೇಳಲಿಲ್ಲ.

ಸಾಯಬಣ್ಣ ಕನ್ನಡಿಯಲ್ಲಿ ಮುಖವಿಲ್ಲದ ಶಿಶುವನ್ನು ನೋಡಿ ಬ್ರೇಕು ತುಳಿದ.

"ಟೀಚರ್, ಒಂದ್ ಮಾತ್ರಿ. ಶಿವಾಜಿನಗರದಾಗ ಚರ್ಚ್ ಮುಂದ ಇಂಥಾವ ಸಾಲಕ ಮಲಗ್ಯಾವ. ಸೀದಾ ಹೊಡಿತೀನಿ, ಒಂದ್ ಹೊಸಾದ್ ತಗೋಳ್ರಿ. ಯಾರಿಗ್ ಗೊತ್ತಾಗ್ತದ?"

ಸೈತಾನ ಎಷ್ಟೋ ವೇಷಗಳಲ್ಲಿ ಬರುತ್ತಾನೆಂದು ಮಿಸ್ ಮಕ್ಕಳಿಗೆ ಹೇಳಿದ್ದುಂಟು. ಖಾಕಿ ಅಂಗಿ ತೊಟ್ಟು, ಮೀಸೆಗೆ ಚಟ್ನಿ ಮೆತ್ತಿಕೊಂಡು, ಇಷ್ಟು ಕಳಕಳಿಯಿಂದ ಬರುತ್ತಾನೆಂದು ಮಾತ್ರ ಎಣಿಸಿರಲಿಲ್ಲ. ಯೋಚಿಸಿದರು. ಹೊಸ ಗೊಂಬೆ ಹುಲ್ಲಿನಲ್ಲಿ ಮಲಗಿದರೆ ಸಿಸ್ಟರ್ ಗೀರು ಹುಡುಕುವಷ್ಟರಲ್ಲಿ ರಜೆ ಶುರುವಾಗಿರುತ್ತದೆ. ಪೆಟ್ಟಿಗೆ ಬರುವುದಿಲ್ಲ. ಬೀಗ ಬರುವುದಿಲ್ಲ. ಮುಂದಿನ ಡಿಸೆಂಬರಿಗೂ ಮಕ್ಕಳ ಮನೆಗೆ ಶಿಶು ಹೋಗುತ್ತದೆ.

"ಹೊಡಿ," ಎಂದರು, ಹೊರಗೆ ನೋಡುತ್ತ.

ಬಲಕ್ಕೆ ತಿರುಗಿದರೆ ಮರ್ಫಿ ಟೌನು, ನೇರ ಹೋದರೆ ಹಲಸೂರು ದಾಟಿ ಶಿವಾಜಿನಗರ. ತಿರುವಿನ ಸಿಗ್ನಲು ಕೆಂಪಾಗಿತ್ತು. ಸಾಯಬಣ್ಣ ನೇರ ಹೋಗುವ ಸಾಲಿನಲ್ಲಿ ಆಟೋ ನಿಲ್ಲಿಸಿದ.

"ಮಿಸ್," ಎಂದಳು ಯಮುನಾ, ಟವೆಲಿನ ಅಂಚು ಸರಿಮಾಡುತ್ತ. "ಹೊಸದು ತಗೊಂಡ್ರೆ, ಪ್ರೇಯರಲ್ಲಿ ನಾನೇನಂತ ಹೇಳ್ಲಿ?"

ಸಿಗ್ನಲಿನ ಅಂಕಿಗಳು ಇಳಿಯುತ್ತಿದ್ದವು. ಸಾಯಬಣ್ಣ ಕನ್ನಡಿಯಲ್ಲೇ ಕಣ್ಣಿಟ್ಟಿದ್ದ. ಇದೇ ಹುಡುಗಿಗೆ, ಇದೇ ಬಾಯಲ್ಲಿ, ಹೇಗೆ ನೋಡಿಕೊಂಡೆ ಎಂದು ಎದ್ದು ನಿಂತು ಹೇಳಬೇಕೆಂದು ಕಲಿಸಿದ್ದು ಯಾರು? ಈಗ ಅವಳ ಬಾಯಿಂದ ಸುಳ್ಳಿನ ಪಾಠವನ್ನೂ ಒಪ್ಪಿಸಿಕೊಳ್ಳುವುದೇ?

ಹಸಿರು ಬಿತ್ತು. ಹಿಂದಿನವರೆಲ್ಲ ಒಟ್ಟಿಗೆ ಹಾರನ್ ಒತ್ತಿದರು.

"ಬಲಕ್ಕೆ!" ಎಂದು ಕೂಗಿದರು ಮಿಸ್. ಟ್ರಂಪೆಟ್ ಅಪ್ಪ ಸಮಾಧಿಯಲ್ಲಿ ಎದ್ದು ಕೂತಿರಬೇಕು. "ಬಲಕ್ಕೆ ತಿರುಗ್ಸೋ ಸಾಯಬಣ್ಣ!"

ಸಾಯಬಣ್ಣ ಎರಡು ಸಾಲು ವಾಹನಗಳ ಮುಂದೆ ಅಡ್ಡಡ್ಡ ತಿರುಗಿಸಿದ. ಆಗ ಕೇಳಿಬಂದ ಬೈಗುಳಗಳಲ್ಲಿ ಎಲ್ಲ ಭಾಷೆಗಳೂ ಇದ್ದವು.

ಅಂಗಳದಲ್ಲಿ ಇಡೀ ಶಾಲೆ ಸಾಲಾಗಿ ಕೂತಿತ್ತು. ಫಾದರ್ ಬಂದಾಗಿತ್ತು, ಶಾಲು ಹೊದಿಸಿಯಾಗಿತ್ತು, ಸ್ವಾಗತ ಭಾಷಣವನ್ನು ಎಳೆದೆಳೆದು ಇನ್ನು ಎಳೆಯಲು ದಾರವೇ ಇರಲಿಲ್ಲ. ಲೂರ್ದುಮೇರಿ ಮಿಸ್ ಯಮುನಾಳ ಹೆಗಲ ಮೇಲೆ ಕೈಯಿಟ್ಟು ನಡುವಿನಿಂದ ನಡೆದು ಬಂದರು. ಸಿಸ್ಟರ್ ಬೆನಿಟಾ ಟವೆಲು ಸರಿಸಿ ನೋಡಿದರು. ಅವರ ಕೈ ತಾನಾಗಿ ಸೊಂಟದ ಗೊಂಚಲಿಗೆ ಹೋಯಿತು.

"ನಾನು ಹೇಳಿಕೊಡಲ್ಲ," ಎಂದು ಮಿಸ್ ಯಮುನಾಳ ಕಿವಿಯಲ್ಲಿ ಹೇಳಿದರು. "ಇಲ್ಲೇ ನಿಂತಿರ್ತೀನಿ."

ಯಮುನಾ ಮೈಕಿನ ಮುಂದೆ ನಿಂತಳು. ಮೈಕು ಕುಂಯ್ ಎಂದಿತು. ಅವಳ ತುಟಿ ಅಲುಗಿತು, ದನಿ ಬರಲಿಲ್ಲ. ಲೂರ್ದುಮೇರಿ ಮಿಸ್ ಒಂದು ಮಾತು ತಾವೇ ಆಡಿಬಿಡೋಣ ಎಂದು ನಾಲಿಗೆ ತುದಿಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದರು.

"ನಾನು ಯಮುನಾ. ಪಾಪುಗೆ ಚಳಿ ಆಗತ್ತೆ ಅಂತ ಬಿಸಿನೀರಲ್ಲಿ ಸ್ನಾನ ಮಾಡಿಸಿದ್ವಿ. ಅಜ್ಜಿ ನೀರು ಹಾಕಿದ್ರು, ನಾನು ಹಿಡ್ಕೊಂಡಿದ್ದೆ. ಬಣ್ಣ ಹೋಯ್ತು. ಆದ್ರೂ ಬಿಡ್ಲಿಲ್ಲ, ಹಿಡ್ಕೊಂಡೇ ಇದ್ದೆ. ಸಾರಿ."

ಫಾದರ್ ಕನ್ನಡಕ ತೆಗೆದು ಒರೆಸತೊಡಗಿದರು. ಆಗ ಪಿಳ್ಳಮ್ಮ, ಕಾರ್ಯಕ್ರಮ ಪಟ್ಟಿಯಲ್ಲಿ ಇಲ್ಲದ ಏಕೈಕ ವ್ಯಕ್ತಿ, ಸೆರಗು ಸಿಕ್ಕಿಸಿಕೊಂಡು ಸಿಸ್ಟರ್ ಎದುರು ನಿಂತರು.

"ಕೂಸ್ನ ಏನೂ ಅನ್ಬ್ಯಾಡ್ರವ್ವ. ಇಂಥಾ ಚಳೀಲಿ ಮಗೂನ ಬರೀ ಮೈಲಿ ಊರೂರು ಕಳಿಸ್ತೀರಲ್ಲ, ನಿಮ್ಗೆ ಮಕ್ಳ್ ಸಾಕಿ ಗೊತ್ತಾ?"

ಸಿಸ್ಟರ್ ಬೆನಿಟಾರ ಮುಖ ಕೆಂಪಾಯಿತು.

"ಎಂತ ಹೇಳ್ತೀರಿ ನೀವು? ನಾನು ಮನೆಗೆ ದೊಡ್ಡವಳು. ತಮ್ಮ ತಂಗಿಯರ ಮೈಯೆಲ್ಲ ನಾನೇ ತಿಕ್ಕಿದ್ದು." ಶಿಶುವಿನ ಹೊಟ್ಟೆಯ ಮೇಲೆ ಬೆರಳಾಡಿಸಿ ಮೂಸಿದರು. "ಎಂತ ಎಣ್ಣೆ ಇದು?"

"ಹರಳೆಣ್ಣೆ."

"ತಲೆಗೆ ಹರಳೆಣ್ಣೆ ಸರಿ. ಮೈಗೆ ತೆಂಗಿನೆಣ್ಣೆಯೇ ಆಗಬೇಕು."

"ತೆಂಗಿನೆಣ್ಣೆ ಶೀತ ಕಣವ್ವ!"

"ಶೀತ ಅಂತೆ! ನಮ್ಮಲ್ಲಿ ಹುಟ್ಟಿದ ದಿನದಿಂದ ಅದೇ ಹಚ್ಚೋದು."

ಪವಿತ್ರ ಗೋದಲಿಯ ಮುಂದೆ, ಮೈಕು ಆನ್ ಇರುವಾಗಲೇ, ಎಣ್ಣೆಗಳ ಮಹಾಸಮರ ಶುರುವಾಯಿತು. ಇಡೀ ಶಾಲೆ ಆಲಿಸಿತು. ಯಮುನಾ ಮಾತ್ರ ಕಾಯಲಿಲ್ಲ. ಅವಳ ಸರದಿಯ ಕೆಲಸ ಇನ್ನೂ ಬಾಕಿಯಿತ್ತು. ಮೆಲ್ಲಗೆ ಮಂಡಿಯೂರಿ ಶಿಶುವನ್ನು ಹುಲ್ಲಿನ ಮೇಲೆ ಮಲಗಿಸಿದಳು, ಟವೆಲನ್ನು ಕತ್ತಿನವರೆಗೆ ಹೊದಿಸಿದಳು. ಫಾದರ್ ಚಪ್ಪಾಳೆ ತಟ್ಟಿದರು. ಯಾವುದಕ್ಕೆ ಎಂದು ತಿಳಿಯದೆ ಎಲ್ಲರೂ ತಟ್ಟಿದರು.

ಸಿಸ್ಟರ್ ಆಡಿದ ಮಾತಿಗೆ ತಪ್ಪುವವರಲ್ಲ. ಗೀರು ಬಿದ್ದರೆ ಪೆಟ್ಟಿಗೆ ಎಂದಿದ್ದರು, ಪೆಟ್ಟಿಗೆ ಬಂತು. ಅದರೊಳಗೆ ಮಲಗಲು ಹೊಸ ಬಾಲಯೇಸು ಬಂತು: ಗುಲಾಬಿ ಕೆನ್ನೆ, ನೀಲಿ ಕಣ್ಣು, ಎಲ್ಲ ಬೆರಳೂ ಲೆಕ್ಕಕ್ಕೆ ಸರಿ. ಬೀಗದ ಕೈ ಸಿಸ್ಟರ್ ಸೊಂಟದಲ್ಲಿದೆ. ಆದರೆ ಹಳೆಯದನ್ನು ಏನು ಮಾಡುವುದೆಂದು ಮಿಸ್ ಕೇಳಿದಾಗ, ಸಿಸ್ಟರ್ ಕಡತದಿಂದ ತಲೆಯೆತ್ತದೆ, "ಅದರಲ್ಲಿ ಹಾಳಾಗಲಿಕ್ಕೆ ಇನ್ನೆಂತ ಉಂಟು? ನೀವೇ ಇಟ್ಟುಕೊಳ್ಳಿ," ಎಂದರು. ಮಂತ್ರಿಮಂಡಲದ ಮಾತೇ ಬರಲಿಲ್ಲ. ಚಕ್ರವರ್ತಿನಿ ಅದನ್ನು ನೆನಪಿಸುವಷ್ಟು ದಡ್ಡರಾಗಿರಲಿಲ್ಲ.

ಮುಂದಿನ ಡಿಸೆಂಬರಿನಲ್ಲಿ ಮುಖವಿಲ್ಲದ ಶಿಶು, ಪಿಳ್ಳಮ್ಮ ಹೊಲಿದುಕೊಟ್ಟ ಕೆಂಪು ಕುಲಾವಿ ತೊಟ್ಟು ಮತ್ತೆ ಪ್ರವಾಸ ಹೊರಟಿತು. ಮೊದಲ ಸರದಿಯ ಹುಡುಗ ಅದನ್ನು ಎದೆಗವಚಿಕೊಂಡು, ಬಾಗಿಲಲ್ಲಿ ತಿರುಗಿ ನಿಂತು ಕೇಳಿದ:

"ಮಿಸ್, ಸ್ನಾನ ಮಾಡಿಸ್ಬಹುದಾ?"

ಲೂರ್ದುಮೇರಿ ಮಿಸ್ ಉತ್ತರವನ್ನು ತಮಿಳಿನಲ್ಲಿ ಕೊಟ್ಟರು.