ಎರಡನೇ ನೀರು

ಪಾಪಿನಾಯಕನಹಳ್ಳಿಯ ಪಕ್ಕೀರಪ್ಪ ಏನು ಕೆಲಸ ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಊರ ಮಂದಿ, "ಹೆಲಿಕಾಪ್ಟರಿಗೆ ನೀರು ಹೊಡೀತಾನ" ಎಂದು ಹೇಳಿ ನಗುತ್ತಿದ್ದರು, ಎಮ್ಮೆಯ ಮೈ ತೊಳೆಯುತ್ತಾನೆ ಎನ್ನುವ ಹಾಗೆ. ನಗುವವರಿಗೇನು ಗೊತ್ತು! ಸಂಡೂರು ಗುಡ್ಡದ ಮಣ್ಣು ಜರಡಿ ಹಿಡಿದ ಹಿಟ್ಟಿನಷ್ಟು ನುಣುಪು. ಹೆಲಿಕಾಪ್ಟರಿನ ರೆಕ್ಕೆ ಜೋರಾಗಿ ತಿರುಗಿತೆಂದರೆ ಆ ಕೆಂಪು ಹಿಟ್ಟು ಮೇಲೆದ್ದು, ಒಳಗೆ ಕೂತ ಪೈಲಟ್ಟಿಗೆ ನೆಲ ಯಾವುದು ಆಕಾಶ ಯಾವುದು ಎಂದೇ ತಿಳಿಯುವುದಿಲ್ಲ. ಅದಕ್ಕಾಗಿಯೇ ಗಣಿಯ ಧಣಿಗಳು ತಮ್ಮ ಹೆಲಿಪ್ಯಾಡಿಗೆ ಐದು ಸಾವಿರ ಲೀಟರಿನ ಟ್ಯಾಂಕರೊಂದನ್ನು ಇಟ್ಟಿದ್ದರು, ಟ್ಯಾಂಕರಿಗೆ ಪಕ್ಕೀರಪ್ಪನನ್ನು ಇಟ್ಟಿದ್ದರು.

ಅವನ ಕೆಲಸಕ್ಕೊಂದು ಪದ್ಧತಿಯಿತ್ತು. ಹಾರುವ ಮುಕ್ಕಾಲು ಗಂಟೆ ಮೊದಲು ಒಂದು ಸಲ ನೀರು, ಹತ್ತು ನಿಮಿಷ ಮೊದಲು ಇನ್ನೊಂದು ಸಲ. ಮೊದಲನೇ ನೀರನ್ನು ನೆಲ ಕುಡಿದುಬಿಡುತ್ತದೆ. ಧೂಳನ್ನು ಹಿಡಿದು ಕೂರಿಸುವುದು ಎರಡನೇ ನೀರು. ಪೈಲಟ್ ಕ್ಯಾಪ್ಟನ್ ವಾದಿರಾಜ ಎರಡನೇ ನೀರು ಬೀಳದೆ ಎಂಜಿನ್ನಿಗೆ ಕೈ ಹಾಕುತ್ತಿರಲಿಲ್ಲ. ಮೂರು ವರ್ಷದಲ್ಲಿ ಒಂದು ದಿನವೂ ಪಕ್ಕೀರಪ್ಪ ಅವರನ್ನು ಕಾಯಿಸಿರಲಿಲ್ಲ. ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಟ್ಯಾಂಕರಿಗೆ ಬರುವ ಮುಂಚೆ ಅವನು ಅದಿರಿನ ಲಾರಿ ಓಡಿಸುತ್ತಿದ್ದ. ಲಾರಿ ಬಿಟ್ಟದ್ದು ಏಕೆಂದು ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅದಿರಿಗೆ ಚೀನಾದಿಂದ ಬೆಲೆ ಬಂದು ಗುಡ್ಡಕ್ಕೆ ಗುಡ್ಡವೇ ಲಾರಿ ಹತ್ತಿದ ಹೊಸತು ಅದು. "ಡ್ರೈವರೇ ಸಿಗವಲ್ರು, ಇನ್ನೊಂದು ಟ್ರಿಪ್ ಹೊಡದು ಬಾರೋ" ಎಂದು ಲಾರಿ ಮಾಲೀಕ ಬೆನ್ನು ತಟ್ಟಿ ಕಳಿಸುತ್ತಿದ್ದ. ಡ್ರೈವರ್‌ಗಳು ಹೊಸಪೇಟೆಯ ಚಹಾದಂಗಡಿಗಳಲ್ಲಿ ಸಾಲಾಗಿ ಕೂತಿದ್ದರು. ನಿದ್ದೆ ಬಿಟ್ಟು ಓಡಿಸುವವರು ಮಾತ್ರ ಕಡಿಮೆಯಿದ್ದರು, ಪಕ್ಕೀರಪ್ಪ ಆ ಕಡಿಮೆಯವರಲ್ಲಿ ಒಬ್ಬ. ಹಾಗೆ ನಿದ್ದೆಗೆಟ್ಟು ಓಡಿಸಿದ ಮೂರನೇ ದಿನ ಬೆಳಗ್ಗೆ ಲಾರಿ ತೂಗುವ ವೇಬ್ರಿಜ್ಜಿನವನು ಅವನ ಮುಖ ನೋಡಿ, "ಕಣ್ಣು ಕೆಂಪಗಾಗ್ಯಾವಲ್ಲೋ, ಧೂಳು ಭಾಳೇನು?" ಎಂದು ಚೀಟಿ ಕೊಟ್ಟು ಕಳಿಸಿದ. ಅಲ್ಲಿ ಎಲ್ಲರ ಕಣ್ಣೂ ಕೆಂಪು. ನಿದ್ದೆಗೆಟ್ಟ ಕೆಂಪು ಯಾವುದು, ಅದಿರಿನ ಕೆಂಪು ಯಾವುದು ಎಂದು ಯಾರು ವಿಂಗಡಿಸುತ್ತಾರೆ?

ಅಂದು ಕ್ಯಾಬಿನ್ನಿನಲ್ಲಿ ಅವನ ಹೆಂಡತಿ ಜಂಬವ್ವನ ತಮ್ಮ ಹಂಪೇಶ ಇದ್ದ. ಕ್ರಷರಿನ ಪಾಳಿ ಮುಗಿಸಿ ಮನೆಗೆ ಹೋಗಲೆಂದು ಹತ್ತಿದವನು. ದಾರಿಯಲ್ಲಿ ಪಕ್ಕೀರಪ್ಪ ಅವನನ್ನು ಕೇಳಿದ: "ರೈಲ್ವೆ ಗೇಟ್ ದಾಟಿದ್ವೇನಲೇ?" ಹಂಪೇಶ, "ಆಗಲೇ ದಾಟಿದ್ವಲ್ಲ ಮಾವ" ಎಂದ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದ. ಮೂರನೇ ಸಲ ಕೇಳಿದಾಗ ಹಂಪೇಶ ನಕ್ಕುಬಿಟ್ಟ. ಹಾಡುಹಗಲು ಹತ್ತು ಗಂಟೆಯ ಬಿಸಿಲಲ್ಲಿ ಲಾರಿ ರಸ್ತೆ ಬಿಟ್ಟಿತು. ಪಕ್ಕೀರಪ್ಪನಿಗೆ ಎಚ್ಚರವಾದಾಗ ಆ ನಗು ನಿಂತುಹೋಗಿತ್ತು.

ಜಂಬವ್ವ ಅವನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಅಂದಿನಿಂದ ಗಂಡ ಓಡಿಸುವ ಯಾವ ಗಾಡಿಯನ್ನೂ ಹತ್ತಲಿಲ್ಲ. ತಮ್ಮನ ಹೆಸರನ್ನೂ ಬಾಯಲ್ಲಿ ತರಲಿಲ್ಲ. ಬೈದಿದ್ದರೆ ಪಕ್ಕೀರಪ್ಪ ತಡೆದುಕೊಳ್ಳುತ್ತಿದ್ದ. ಬೈಯದೆ ರೊಟ್ಟಿ ಬಡಿಸಿದ್ದನ್ನು ಐದು ವರ್ಷದಿಂದ ತಡೆದುಕೊಳ್ಳಲಾಗುತ್ತಿರಲಿಲ್ಲ.

ಇಷ್ಟು ತಿಳಿದಿದ್ದರೆ ೨೦೦೭ರ ನವೆಂಬರಿನ ಆ ಮಧ್ಯಾಹ್ನ ಅವನು ಮಾಡಿದ್ದು ಹುಚ್ಚಾಟವಲ್ಲ ಎಂದು ತಿಳಿಯುತ್ತದೆ.

ಅಂದು ನಾಲ್ಕೂವರೆಗೆ ಧಣಿಗಳು ಹೆಂಡತಿಯ ಜೊತೆ ಬೆಂಗಳೂರಿಗೆ ಹೊರಡಬೇಕಿತ್ತು. ಅದಕ್ಕಿಂತ ತಡವಾದರೆ ಬೆಂಗಳೂರು ತಲುಪುವಷ್ಟರಲ್ಲಿ ಸೂರ್ಯ ಮುಳುಗುತ್ತಾನೆ, ಆ ಹೆಲಿಕಾಪ್ಟರು ಕತ್ತಲೆಯಲ್ಲಿ ಹಾರುವಂತಿಲ್ಲ. ಮೂರೂ ಮುಕ್ಕಾಲಿಗೆ ಮೊದಲನೇ ನೀರು ಹೊಡೆದು ಪಕ್ಕೀರಪ್ಪ ಹೆಲಿಪ್ಯಾಡಿನ ಪಕ್ಕದ ತಗಡಿನ ಶೆಡ್ಡಿಗೆ ಬಂದಾಗ ಮ್ಯಾನೇಜರ್ ಓಬಳಪ್ಪ ಕಾಲಮೇಲೆ ಕಾಲು ಹಾಕಿ ಪೇಪರ್ ಓದುತ್ತಿದ್ದ. ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕ್ಯಾಪ್ಟನ್ ವಾದಿರಾಜ ಹಣೆ ಒತ್ತಿಕೊಳ್ಳುತ್ತಾ ಕೂತಿದ್ದರು. ತುಂಗಭದ್ರಾ ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಬೆಳೆದ ಎಂಜಿನಿಯರರ ಮಗ, ಸೈನ್ಯದಲ್ಲಿ ಹಾರಿಸಿ ಬಂದವರು, ದೊಡ್ಡ ದನಿಯಲ್ಲಿ ಮಾತಾಡದ ಮನುಷ್ಯ.

"ನೋಡ್ರಿ ಕ್ಯಾಪ್ಟನ್, ಪೇಪರ್‌ನಾಗ ಹಾಕ್ಯಾರ. ದೇಶದಾಗ ಪೈಲಟ್‌ಗಳೇ ಇಲ್ಲಂತ. ಫಾರಿನ್‌ನಿಂದ ತರಸಾಕ ಹತ್ಯಾರಂತ" ಎಂದ ಓಬಳಪ್ಪ. "ನಾ ಧಣೇರಿಗೆ ಹೇಳಿದ್ದು ಅದನ್ನ. ಆಗಸ್ಟ್‌ನಾಗ ನಮ್ಮ ಇನ್ನೊಬ್ಬ ಪೈಲಟ್ ಏರ್‌ಲೈನ್ಸಿಗೆ ಓಡಿಹೋದ. ಅವನ ಜಾಗಕ್ಕ ಯಾರನ್ನ ತರಲಿ?"

"ಪೈಲಟ್ ಇಲ್ಲಂತ ಯಾರು ಹೇಳ್ಯಾರ್ರಿ?" ಕ್ಯಾಪ್ಟನ್ ಕಣ್ಣು ಮುಚ್ಚಿಕೊಂಡೇ ಹೇಳಿದರು. "ನಮ್ಮ ಕಾಕಾನ ಮಗಳು ಅರ್ಚಿತಾ ಹೊಸಪೇಟಿಯೊಳಗ ಹೆಲಿಕಾಪ್ಟರ್ ಲೈಸೆನ್ಸ್ ಇಟಗೊಂಡು ಕೂತಾಳ. ಎರಡು ವರ್ಷದಿಂದ ಹುಡುಗರಿಗೆ ಗಣಿತದ ಟ್ಯೂಷನ್ ಹೇಳ್ಲಿಕ್ಕೆ ಹತ್ಯಾಳ. ಆಕಿ ಅರ್ಜಿ ನಿಮ್ಮ ಟೇಬಲ್ ಮ್ಯಾಲೇ ಅದ."

"ಆಕಿ ಹಾರ್ಸಿದ್ದು ಇನ್ನೂರು ತಾಸು. ನಮಗ ಎರಡು ಸಾವಿರ ತಾಸಿನವರು ಬೇಕು."

"ಯಾರೂ ಹಾರ್ಸಗೊಡದಿದ್ರ ಎರಡು ಸಾವಿರ ಎಲ್ಲಿಂದ ಬರಬೇಕ್ರಿ? ನನ್ನ ಪಕ್ಕದ ಸೀಟಿನ್ಯಾಗ ಕೂಡ್ಸ್ರಿ, ನಾ ಕಲಸ್ತೀನಿ."

"ಆ ಸೀಟಿನ್ಯಾಗ ಧಣೇರು ಕುಂದರ್ತಾರ" ಎಂದು ಓಬಳಪ್ಪ ಪೇಪರ್ ಮಡಚಿದ. ವಾದ ಅಲ್ಲಿಗೆ ಮುಗಿಯಿತು. ಮ್ಯಾನೇಜರ್‌ಗಳು ವಾದ ಮುಗಿಸುವುದೇ ಹಾಗೆ.

ಜನ ಸಿಗುವುದಿಲ್ಲವೆಂಬ ಈ ಮಾತು ಪಕ್ಕೀರಪ್ಪನಿಗೆ ಎಲ್ಲೋ ಕೇಳಿದ ಹಾಗಿತ್ತು. ಆಗಸ್ಟಿನಿಂದ ಕ್ಯಾಪ್ಟನ್ ಇಬ್ಬರ ಕೆಲಸವನ್ನು ಒಬ್ಬರೇ ಎಳೆಯುತ್ತಿದ್ದರು. ಈ ವಾರವಂತೂ ಗೋವಾ, ಹೈದರಾಬಾದ್, ಬೆಂಗಳೂರು ಎಂದು ಕಾಲಿಗೆ ಚಕ್ರ ಕಟ್ಟಿಕೊಂಡಂತೆ ತಿರುಗಿದ್ದರು.

ಆಗ ಕ್ಯಾಪ್ಟನ್ ತಲೆಯೆತ್ತಿ, "ಪಕ್ಕೀರಪ್ಪ, ನೀರು ಹೊಡದಾತೇನು?" ಎಂದು ಕೇಳಿದರು.

"ಮೊದಲನೇದು ಆಗೈತ್ರಿ ಸಾಹೇಬ್ರ."

ಕ್ಯಾಪ್ಟನ್ ಎದ್ದು ಹೆಲಿಕಾಪ್ಟರಿನ ಸುತ್ತ ತಪಾಸಣೆಗೆ ಹೋದರು. ಮೂಗಿನಿಂದ ಶುರುಮಾಡಿ ಬಾಲದವರೆಗೆ ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡುವುದು ಅವರ ರೂಢಿ. ಹಾರುವ ವೇಗ ಅಳೆಯುವ ಮುಂದಿನ ಸಣ್ಣ ನಳಿಗೆಗೆ ಧೂಳು ಹೋಗದಂತೆ ತೊಡಿಸಿದ ಕೆಂಪು ಬಟ್ಟೆಯ ಚೀಲವನ್ನು ಎಲ್ಲಕ್ಕೂ ಮೊದಲು ತೆಗೆದು ಜೇಬಿಗಿಡುತ್ತಿದ್ದರು. ಇಂದು ಅದನ್ನು ದಾಟಿ ಹೋದರು. ಪಕ್ಕೀರಪ್ಪ ತಾನೇ ಅದನ್ನು ಬಿಚ್ಚಿ ಅವರ ಕೈಗೆ ಕೊಟ್ಟ. ಅವರು ಅದು ಏನೆಂದು ಒಂದು ಕ್ಷಣ ನೋಡಿ, ನಗಲು ಪ್ರಯತ್ನಿಸಿದರು.

"ನೀರು ಹೊಡದಾತೇನು?"

ಪಕ್ಕೀರಪ್ಪ ಅವರ ಎದುರಿಗೆ ಬಂದು ನಿಂತ. "ಆಗೈತ್ರಿ. ಸಾಹೇಬ್ರ, ನಿದ್ದಿ ಮಾಡೀರೇನ್ರಿ ನೀವು?"

"ಇದೊಂದು ಟ್ರಿಪ್ ಮುಗಸಿ ಮಲಗ್ತೀನಿ" ಎಂದು ಕ್ಯಾಪ್ಟನ್ ಬಾಲದ ಕಡೆ ನಡೆದರು.

ಇದೊಂದು ಟ್ರಿಪ್. ಅದೇ ಮಾತನ್ನು ಅವನು ವೇಬ್ರಿಜ್ಜಿನ ಮುಂದೆ ತನಗೆ ತಾನೇ ಹೇಳಿಕೊಂಡಿದ್ದ. ಓಡುನಡಿಗೆಯಲ್ಲಿ ಶೆಡ್ಡಿಗೆ ಬಂದು ಓಬಳಪ್ಪನಿಗೆ ಹೇಳಿದ: "ಸಾಹೇಬ್ರು ನಿದ್ದಿಗೆಟ್ಟಾರ್ರಿ. ಇವತ್ತು ಬ್ಯಾಡ್ರಿ."

"ಕಣ್ಣು ನೋಡಿ ಹೇಳ್ತಿಯೇನಲೇ?" ಓಬಳಪ್ಪ ರೇಗಿದ. "ನನ್ನ ಕಣ್ಣು ನೋಡು, ನಿನ್ನ ಕಣ್ಣು ನೋಡಿಕ್ಯ. ಈ ಗುಡ್ಡದಾಗ ಬಿಳಿ ಕಣ್ಣು ಯಾರವು ಅದಾವು? ಧೂಳು ಅದು. ಹೋಗು, ಎರಡನೇ ನೀರು ಹೊಡಿ. ಧಣೇರು ಬಂದ್ರು."

ಬಿಳಿ ಕಾರು ಬಂದು ನಿಂತಿತು. ಧಣಿಗಳು ಫೋನಿನಲ್ಲಿ ಮಾತಾಡುತ್ತಲೇ ಇಳಿದರು. ಹಿಂದೆ ಅವರ ಹೆಂಡತಿ, ಕೈಯಲ್ಲಿ ಮದುವೆ ಮನೆಗೆ ಒಯ್ಯುವ ಬೆಳ್ಳಿ ತಟ್ಟೆಯ ಪೊಟ್ಟಣ. ಕ್ಯಾಪ್ಟನ್ ಆಗಲೇ ಒಳಗೆ ಕೂತು ಬೆಲ್ಟ್ ಬಿಗಿದುಕೊಂಡಿದ್ದರು. ಪಕ್ಕೀರಪ್ಪ ಟ್ಯಾಂಕರ್ ತಂದು ನೀರು ಬಿಡುತ್ತಾ ಹೆಲಿಪ್ಯಾಡಿನ ಸುತ್ತ ಹೊರಟ. ಅರ್ಧ ಸುತ್ತು ಬಂದಾಗ ಕಿಟಕಿಯಿಂದ ಕ್ಯಾಪ್ಟನ್ ಕೈಮಾಡಿ ಕೂಗಿದರು.

"ಪಕ್ಕೀರಪ್ಪ, ನೀರು ಹೊಡದಾತೇನು?"

ಅವರ ಕಣ್ಣ ಮುಂದೆಯೇ ನೀರು ಸುರಿಯುತ್ತಿತ್ತು.

ಪಕ್ಕೀರಪ್ಪ ಬ್ರೇಕ್ ಒತ್ತಿದ. ನೀರಿನ ವಾಲ್ವ್ ಮುಚ್ಚಿದ. ಸ್ಟೇರಿಂಗ್ ತಿರುಗಿಸಿ ಟ್ಯಾಂಕರನ್ನು ನೇರ ಹೆಲಿಕಾಪ್ಟರಿನ ಎದುರಿಗೆ ತಂದು, ರೆಕ್ಕೆ ತಿರುಗಿದರೆ ಬಡಿಯುವಷ್ಟು ಹತ್ತಿರ ನಿಲ್ಲಿಸಿದ. ಗೇರಿನಲ್ಲೇ ಬಿಟ್ಟು ಎಂಜಿನ್ ಆರಿಸಿದ. ಕೀಲಿ ಕಿತ್ತುಕೊಂಡು ಕೆಳಗಿಳಿದ.

"ಏನಲೇ ಅದು! ತೆಗಿ ಗಾಡಿ!" ಓಬಳಪ್ಪ ಓಡಿ ಬಂದ.

"ಕೆಟ್ಟೈತ್ರಿ."

"ಕೀಲಿ ತಾ ಇಲ್ಲಿ."

ಪಕ್ಕೀರಪ್ಪ ಸುಳ್ಳು ಹೇಳಿ ಪಳಗಿದವನಲ್ಲ. ಸುಳ್ಳು ಒಂದು ನಿಮಿಷವೂ ಬಾಳಲಿಲ್ಲ. ಇನ್ನೊಂದು ನಿಮಿಷ ನಿಂತರೆ ಕೀಲಿ ಓಬಳಪ್ಪನ ಕೈಯಲ್ಲಿರುತ್ತದೆ, ಟ್ಯಾಂಕರ್ ಪಕ್ಕಕ್ಕೆ ಸರಿಯುತ್ತದೆ, ಇವರು ಮೂವರೂ ಮೇಲೇರುತ್ತಾರೆ. ಅವನು ಹಿಂದಿನ ಏಣಿ ಹತ್ತಿದ. ತೊಟ್ಟಿಯ ಮೇಲಿನ ಮುಚ್ಚಳ ಎತ್ತಿದ. ಎಲ್ಲರೂ ನೋಡುತ್ತಿದ್ದಂತೆ ಕೀಲಿಯನ್ನು ಒಳಗೆ ಬಿಟ್ಟ. ಬುಳುಕ್ ಎಂದು ಸಣ್ಣ ಸದ್ದಾಯಿತು, ಅಷ್ಟೆ.

ಆಮೇಲೆ ಏನೇನು ಬೈಗುಳ ಕೇಳಿದವೋ, ಬರೆದರೆ ಕಾಗದವೇ ಕೆಂಪಾದೀತು. ಇನ್ನೊಂದು ಕೀಲಿ ಹೊಸಪೇಟೆಯ ಆಫೀಸಿನಲ್ಲಿತ್ತು. ಐದಾರು ಮಂದಿ ಸೇರಿ ತಳ್ಳಿದರೂ ನೀರು ತುಂಬಿದ ಗಾಡಿ ಜಗ್ಗಲಿಲ್ಲ. ಕಡೆಗೆ ವಾಲ್ವ್ ತೆರೆದು ನೀರನ್ನೆಲ್ಲ ಹರಿಯಬಿಟ್ಟರು. ಹೆಲಿಪ್ಯಾಡು ನಾಟಿಗೆ ಹದ ಮಾಡಿದ ಗದ್ದೆಯಾಯಿತು. ಸೆಕ್ಯುರಿಟಿಯವನೊಬ್ಬ ಅಂಗಿ ಬಿಚ್ಚಿ ತೊಟ್ಟಿಯೊಳಗಿಳಿದು, ಕೆಸರಲ್ಲಿ ಕೈಯಾಡಿಸಿ ಕೀಲಿ ಹುಡುಕಿ ಮೇಲೆತ್ತಿದಾಗ ಐದು ಗಂಟೆಗೆ ಐದು ನಿಮಿಷವಿತ್ತು. ಹೊರಡುವ ಹೊತ್ತು ಮೀರಿತ್ತು.

ಅಷ್ಟರಲ್ಲಿ ಕ್ಯಾಪ್ಟನ್ ಕೆಳಗಿಳಿದು ಪಕ್ಕೀರಪ್ಪನ ಹತ್ತಿರ ಬಂದಿದ್ದರು. "ಹಿಂಗ್ಯಾಕ ಮಾಡಿದಿ?"

"ನೀರು ಹೊಡದಾತೇನಂತ ನೀವು ನನ್ನ ಮೂರು ಸಲ ಕೇಳಿದ್ರಿ ಸಾಹೇಬ್ರ. ನಾ ನೀರು ಹೊಡಿಯಾಕ ಹತ್ತಿದಾಗೂ ಕೇಳಿದ್ರಿ."

"ಮೂರು ಸಲ?" ಕ್ಯಾಪ್ಟನ್ ಅವನ ಮುಖವನ್ನೇ ನೋಡಿದರು. "ಒಂದು ಸಲ ಕೇಳಿದ್ದು ನೆನಪದ." ತಿರುಗಿ ಶೆಡ್ಡಿಗೆ ಹೋಗಿ ಕೂತರು.

ಧಣಿಗಳಿಗೆ ಸಿಟ್ಟು ನೆತ್ತಿಗೇರಿತ್ತು. ಅರ್ಧ ಗಂಟೆ ಫೋನಿನಲ್ಲಿ ಯಾರ ಯಾರಿಗೋ ಕೂಗಾಡಿ, ಕ್ಯಾಪ್ಟನ್‌ಗೂ ನಾಲ್ಕು ಮಾತು ಆಡಬೇಕೆಂದು ಹೆಂಡತಿಯ ಜೊತೆ ಶೆಡ್ಡಿಗೆ ಬಂದರು. ಬಾಗಿಲಲ್ಲೇ ನಿಂತುಬಿಟ್ಟರು. ಕ್ಯಾಪ್ಟನ್ ಕುರ್ಚಿಯಲ್ಲಿ ಒಂದು ಕಡೆಗೆ ವಾಲಿದ್ದರು. ಆಗಷ್ಟೇ ತರಿಸಿಕೊಂಡು ಕೈಯಲ್ಲಿ ಹಿಡಿದಿದ್ದ ಚಹಾದ ಗ್ಲಾಸು ಓರೆಯಾಗಿ, ಬಿಸಿ ಚಹಾ ಬಿಳಿ ಅಂಗಿಯ ಮೇಲೆ ಹರಿಯುತ್ತಿತ್ತು. ಅವರಿಗೆ ಎಚ್ಚರವಾಗಲಿಲ್ಲ. ಧಣಿಗಳು ಎರಡು ಸಲ ಜೋರಾಗಿ ಹೆಸರು ಹಿಡಿದು ಕರೆದರು. ಭುಜ ಅಲುಗಿಸಿದರು. ಉಸಿರು ಮಾತ್ರ ದಪ್ಪಗೆ ಏರಿಳಿಯುತ್ತಿತ್ತು.

ಗೋಡೆಯ ಗಡಿಯಾರದಲ್ಲಿ ಐದೂ ಇಪ್ಪತ್ತೈದು. ಹೊತ್ತಿಗೆ ಸರಿಯಾಗಿ ಹೊರಟಿದ್ದರೆ ಆಗ ಇನ್ನೂ ಗಾಳಿಯಲ್ಲಿರುತ್ತಿದ್ದರು.

ಧಣಿಗಳ ಹೆಂಡತಿ ಪೊಟ್ಟಣವನ್ನು ಎದೆಗವಚಿಕೊಂಡರು. "ಇವರ ಕೈಯಾಗ ಕೊಟ್ಟಿದ್ರೇನ್ರಿ ನಮ್ಮನ್ನ?" ಎಂದರು. ಧಣಿಗಳು ಕ್ಯಾಪ್ಟನ್ ಕೈಯಿಂದ ಗ್ಲಾಸನ್ನು ಮೆಲ್ಲಗೆ ಬಿಡಿಸಿ ಮೇಜಿನ ಮೇಲಿಟ್ಟು ಕಾರಿಗೆ ಹೋದರು.

ಇಷ್ಟಾದರೂ ಯಾರಾದರೊಬ್ಬರ ಮೇಲೆ ತಪ್ಪು ಹೊರಿಸಲೇಬೇಕಲ್ಲ. ಕಾರು ಹೋದ ಮೇಲೆ ಓಬಳಪ್ಪ, "ನಾಳಿಯಿಂದ ಬರಬ್ಯಾಡ" ಎಂದ. "ಪೈಲಟ್ ಸಿಗೋದಿಲ್ಲ, ಖರೆ. ಟ್ಯಾಂಕರ್ ಡ್ರೈವರು ಚಾದಂಗಡಿಗೆ ಹತ್ತು ಮಂದಿ ಸಿಗ್ತಾರ."

"ಸಿಗ್ತಾರ್ರಿ" ಎಂದ ಪಕ್ಕೀರಪ್ಪ. "ಬಂದವಗ ಎರಡನೇ ನೀರು ಹತ್ತು ನಿಮಿಷ ಮೊದಲು ಅಂತ ಹೇಳ್ರಿ. ಅದಕ್ಕೂ ಮೊದಲು ಹೊಡದ್ರ ಆರಿ ಹೊಕ್ಕತಿ." ಅವನಿಗೆ ಅಳು ಬಂದಿದ್ದು ಆ ಮಾತು ಹೇಳುವಾಗ. ಕೆಲಸ ಅವನಿಗೆ ಇಷ್ಟವಾಗಿತ್ತು.

ಬಸ್ ಹಿಡಿದು ಊರಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಜಂಬವ್ವ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಅವನು ಹೊಸ್ತಿಲ ಹತ್ತಿರ ಕೂತು ಎಲ್ಲವನ್ನೂ ಹೇಳಿದ. ಕೆಲಸ ಹೋದದ್ದನ್ನು ಮೊದಲು ಹೇಳಿದ. ಕೀಲಿಯ ವಿಷಯಕ್ಕೆ ಬಂದಾಗ ರೊಟ್ಟಿ ತಟ್ಟುವ ಸದ್ದು ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂದರೂ ಅವಳು ತಿರುವಲಿಲ್ಲ.

"ಎಷ್ಟು ಸಲ ಕೇಳಿದ್ರಂತ?"

"ಮೂರು ಸಲ. ನಾನೂ ಅವತ್ತು ಹಂಪೇಶನ್ನ ಮೂರು ಸಲ ಕೇಳಿದ್ದೆ."

ಐದು ವರ್ಷದ ಮೇಲೆ ಆ ಮನೆಯಲ್ಲಿ ಆ ಹೆಸರು ಕೇಳಿತು. ಜಂಬವ್ವ ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡಳು, ಮುಖಕ್ಕೆಲ್ಲ ಹಿಟ್ಟು ಮೆತ್ತಿತು. ಬಹಳ ಹೊತ್ತು ಅತ್ತಳು. ಪಕ್ಕೀರಪ್ಪ ಎದ್ದು ಹೋಗಿ ಸೀದ ರೊಟ್ಟಿಯನ್ನು ಹಂಚಿನಿಂದ ತೆಗೆದು ಅವಳ ಪಕ್ಕದಲ್ಲಿ ಕೂತ.

"ಅವತ್ತು ನಿಮ್ಮ ಕೀಲಿನೂ ಯಾರರ ಹಿಂಗ ನೀರಿಗೆ ಹಾಕಿದ್ರ" ಎಂದಳು ಜಂಬವ್ವ, "ನನ್ನ ತಮ್ಮ ಮನೀಗೆ ಬರ್ತಿದ್ದ."